ಎರಡನೆಯ ಹೆಸರು

ಎಚ್ಚರವಾದಾಗ ಗಂಗಾಧರನಿಗೆ ಏನೋ ನಿಂತುಹೋಗಿದೆ ಅನ್ನಿಸಿತು. ರಜೆಗೆ ಬಂದ ಮೊದಲ ವಾರವೆಲ್ಲ ಹೀಗೇ. ರಾಜಸ್ಥಾನದ ಮರಳಿನಲ್ಲಿ ಎಣ್ಣೆ ಬಾವಿಯ ರಿಗ್ಗಿನ ಇಂಜಿನ್ನು ಹಗಲೂ ರಾತ್ರಿ ಓಡುತ್ತಿರುತ್ತದೆ. ಅದು ನಿಂತರೆ ಮಲಗಿದ್ದವರೆಲ್ಲ ಎದ್ದು ಕೂರುತ್ತಾರೆ. ತಿಪಟೂರಿನ ಈ ಮನೆಯಲ್ಲಿ ನಿಲ್ಲುವಂಥದ್ದು ಏನೂ ಇರಲಿಲ್ಲ. ಗೋಡೆಯಾಚೆಯ ಗೋದಾಮಿನಲ್ಲಿ ಹೆಂಗಸರು ಕೊಬ್ಬರಿ ಆರಿಸುತ್ತ ಯಾರದೋ ಸೊಸೆಯ ವಿಷಯ ಮಾತಾಡುತ್ತಿದ್ದರು. ಅಡುಗೆಮನೆಯಲ್ಲಿ ಹೆಂಡತಿ ಯೋಗಿತಾ ಕುಕ್ಕರಿನ ಮೂರನೇ ಕೂಗಿಗೆ ಕಾಯುತ್ತಿದ್ದಳು. ಅವನು ದಿಂಬಿನ ಪಕ್ಕದ ಫೋನನ್ನು ತಿರುಗಿಸಿ ನೋಡಿದ. ರಿಗ್ಗಿನ ಮೇಲಧಿಕಾರಿ ಶೇಖಾವತ್ ಸಾಹೇಬ ಮತ್ತೆ ಫೋನು ಮಾಡಿದ್ದ. ಇವನು ತೆಗೆದಿರಲಿಲ್ಲ. ನಿದ್ದೆಯಲ್ಲಿ ಕೇಳಿಸಲಿಲ್ಲ ಎಂದು ಹೇಳುವ ಹಾಗೂ ಇರಲಿಲ್ಲ. ರಿಗ್ಗಿನ ಸದ್ದಿಗೆ ಎಡಗಿವಿ ಮಂದವಾಗಿ ಫೋನಿನ ಸದ್ದನ್ನು ಪೂರ್ತಿ ಏರಿಸಿಟ್ಟಿದ್ದ. ಬೀದಿಗೇ ಕೇಳುತ್ತೆ ಎಂದು ಯೋಗಿತಾ ಬೈಯುತ್ತಿದ್ದಳು. ಒಂದು ಹೆಸರು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಸಾಹೇಬ ನಿನ್ನೆ ನಗುತ್ತಲೇ ಕೇಳಿದ್ದ.

ಎಣ್ಣೆ ಬಾವಿಯ ಆಳದಲ್ಲಿ ಪಂಪು ಸುಟ್ಟರೆ ಇದುವರೆಗೆ ರಿಗ್ಗೇ ಬರಬೇಕಿತ್ತು. ಗೋಪುರ ಎದ್ದು ನಿಲ್ಲಬೇಕಿತ್ತು. ಬಾವಿಯೊಳಗಿನ ಕಬ್ಬಿಣದ ಕೊಳವೆಯನ್ನು ತುಂಡು ತುಂಡಾಗಿ ಬಿಚ್ಚಿ ಎತ್ತಿ ಸಾಲಾಗಿ ಒರಗಿಸಿದರೆ ಕೊನೆಯ ತುಂಡಿನ ಜೊತೆ ಪಂಪು ಬರುತ್ತಿತ್ತು. ದಿನಗಟ್ಟಲೆ ಕೆಲಸ, ಪಾಳಿಯ ಮೇಲೆ ಪಾಳಿ ಜನ. ಆ ಜನರಲ್ಲಿ ಗಂಗಾಧರ ಒಬ್ಬ, ಅವನೇ ಕರೆದುಕೊಂಡು ಹೋಗಿ ಸೇರಿಸಿದ ತಂಗಿಯ ಗಂಡ ಭೀಮರಾಜು ಇನ್ನೊಬ್ಬ. ಈಗ ಬಂದಿರುವ ಪಂಪು ತನ್ನ ಕರೆಂಟಿನ ಕೇಬಲ್ಲಿಗೇ ಜೋತುಬಿದ್ದು ಕೊಳವೆಯ ಒಳಗೇ ಇಳಿದುಹೋಗುತ್ತದೆ. ಕೆಟ್ಟರೆ ಒಂದು ಲಾರಿ, ಲಾರಿಯ ಮೇಲೊಂದು ಕೇಬಲ್ ಸುತ್ತುವ ಉರುಳೆ, ನಾಲ್ಕೈದು ಜನ ಸಾಕು. ಕೊಳವೆ ಇದ್ದಲ್ಲೇ ಇರುತ್ತದೆ. ಬೆಳಿಗ್ಗೆ ಬಂದ ಲಾರಿ ಸಂಜೆಗೆ ಹೊರಟುಬಿಡುತ್ತದೆ. ರಿಗ್ಗು ಬೇಡ. ಅವನ ರಿಗ್ಗು ಈ ತಿಂಗಳಿಗೆ ಯಾರ್ಡಿಗೆ ಹೋಗುತ್ತದೆ, ಅದರ ಜನ ಊರಿಗೆ ಹೋಗುತ್ತಾರೆ. ಲಾರಿಗೆ ಗಂಗಾಧರನನ್ನು ಮೇಸ್ತ್ರಿಯಾಗಿ ಇಟ್ಟುಕೊಂಡಿದ್ದಾರೆ. ಅವನ ರಿಗ್ಗಿನಿಂದ ಇನ್ನೊಬ್ಬನಿಗೆ ಜಾಗವಿದೆ. ನಿನ್ನ ಕೈಕೆಳಗೆ ಕೆಲಸ ಮಾಡುವವನು, ನೀನೇ ಹೇಳು ಎಂದಿದ್ದ ಶೇಖಾವತ್. ಇವತ್ತಿಗೆ ಹೇಳಬೇಕು.

ಹೆಸರು ಭೀಮರಾಜುವಿನದೇ ಆಗಬೇಕಿತ್ತು. ಕೆಲಸದಲ್ಲಿ ಅವನ ಮುಂದೆ ಅದೇ ರಿಗ್ಗಿನ ಇನ್ನೊಬ್ಬ, ಅಸ್ಸಾಮಿನ ಬೋರಾ, ಏನೂ ಅಲ್ಲ. ಇದು ಗಂಗಾಧರನಿಗೂ ಗೊತ್ತು, ಸಾಹೇಬನಿಗೂ ಗೊತ್ತು. ಹೊನ್ನವಳ್ಳಿ ರಸ್ತೆಗೆ ಬೈಕು ತಿರುಗಿಸುವಾಗ ಅವನು ‘ಭೀಮರಾಜು’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದ. ಹೆಲ್ಮೆಟ್ಟಿನೊಳಗೆ ಅದು ಬೇರೆ ಯಾರೋ ತನ್ನನ್ನು ಗದರಿದ ಹಾಗೆ ಕೇಳಿಸಿತು. ಭೀಮರಾಜುವಿನ ತೋಟದ ಮೋಟರು ಸುಟ್ಟಿದೆ, ಇವತ್ತು ಎತ್ತುತ್ತಾರೆ, ಬರಬೇಕಂತೆ ಎಂದು ತಂಗಿ ಮೀನಾ ನಿನ್ನೆ ಫೋನು ಮಾಡಿದ್ದಳು. ಅದೇ ಫೋನಿನಲ್ಲಿ ದನಿ ಇಳಿಸಿ, ‘ಅಣ್ಣ, ಇವರದು ಏನಾಯ್ತಂತೆ? ಇಬ್ಬರನ್ನ ಇಟ್ಕೋತಾರಂತಲ್ಲ?’ ಎಂದೂ ಕೇಳಿದ್ದಳು. ‘ಅದೆಲ್ಲ ಮೇಲಿನೋರು ನೋಡ್ತಾರೆ ಕಣಮ್ಮ, ನನ್ನ ಕೈಲೇನೈತೆ’ ಎಂದಿದ್ದ. ಹೇಳಿದ್ದು ಸುಳ್ಳೆಂದು ಆಗ ಅನ್ನಿಸಿರಲಿಲ್ಲ. ಬೈಕಿನ ಮೇಲೆ ಅನ್ನಿಸಿತು. ತೋಟದ ಕಾಯಿ ಕೊಬ್ಬರಿಯೆಲ್ಲ ಮೀನಾಳ ಅತ್ತೆ ಭೈರಮ್ಮನ ಸೆರಗಿನಲ್ಲಿತ್ತು. ಮೀನಾ ತನ್ನ ಕೈಯಿಂದ ಏನನ್ನಾದರೂ ಕೊಳ್ಳುತ್ತಿದ್ದದ್ದು ಗಂಡನ ಸಂಬಳ ಬರತೊಡಗಿದ ಮೇಲೆ. ಅಡುಗೆಮನೆಗೆ ಒಂದು ಜಾಲರಿ ಬಾಗಿಲು ಹಾಕಿಸಿಕೊಂಡು, ಬಂದವರಿಗೆಲ್ಲ ಅದನ್ನು ತೆಗೆದು ಮುಚ್ಚಿ ತೋರಿಸಿದ್ದಳು. ನಮ್ಮಣ್ಣ ಕೊಡಿಸಿದ ಕೆಲಸ ಎಂದು ಅತ್ತೆಗೆ ಕೇಳುವಂತೆ ಹೇಳಿದ್ದಳು.

ರಿಗ್ಗಿನಲ್ಲಿ ಎಣ್ಣೆ ಬಾವಿ ಒಳಗಿನಿಂದ ಒತ್ತಿ ಉಕ್ಕಿದ್ದು ಕಳೆದ ಚಳಿಗಾಲದಲ್ಲಿ. ಕೊಳವೆಯ ಬಾಯಿ ತೆರೆದಿತ್ತು. ಬಾವಿಗೆ ತುಂಬಿದ್ದ ಉಪ್ಪುನೀರು ರಿಗ್ಗಿನ ಮೇಲಕ್ಕೆ ಉಕ್ಕಿ ಬಂತು, ಹಿಂದೆಯೇ ಗ್ಯಾಸಿನ ವಾಸನೆ, ಸೈರನ್ನು. ತೆರೆದ ಬಾಯಿಗೆ ವಾಲ್ವು ಕೂರಿಸಿ ತಿರುಗಿಸುವುದು ಗಂಗಾಧರನ ಕೆಲಸ. ಎಷ್ಟೋ ಸಲ ಕವಾಯತು ಮಾಡಿದ್ದ, ಹೊಸಬರಿಗೆ ಕಲಿಸಿದ್ದ. ಅವತ್ತು ಅವನ ಕಾಲುಗಳು ಅವನನ್ನು ಕೇಳದೆ ಮೆಟ್ಟಿಲಿಳಿದವು. ಉಪ್ಪುನೀರಿನ ತೊಟ್ಟಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾಗ ಮೇಲೆ ವಾಲ್ವು ಕೂತ ಸದ್ದು ಕೇಳಿತು, ಸೈರನ್ನು ನಿಂತಿತು. ಆಮೇಲೆ ಪ್ಯಾಂಟಿನೊಳಗೆ ಬೆಚ್ಚಗಿರುವುದು ಗೊತ್ತಾಯಿತು. ಭೀಮರಾಜು ತೊಟ್ಟಿಯ ಮೂಲೆಯಿಂದ ಬಗ್ಗಿ ನೋಡಿದ. ಬಕೇಟಿನಲ್ಲಿ ಉಪ್ಪುನೀರು ಮೊಗೆದು ತಂದು ಇವನ ಸೊಂಟದಿಂದ ಕೆಳಕ್ಕೆ ಸುರಿದು, ಇನ್ನೊಂದು ಬಕೇಟನ್ನು ತನ್ನ ಮೇಲೂ ಸುರಿದುಕೊಂಡು, ‘ಬಾ ಭಾವ, ಎಲ್ರೂ ನೆಂದವ್ರೆ’ ಎಂದು ರಟ್ಟೆ ಹಿಡಿದು ಎಬ್ಬಿಸಿದ. ಮಾರನೇ ದಿನದ ಮೀಟಿಂಗಿನಲ್ಲಿ ವಾಲ್ವು ಮುಚ್ಚಿದ್ದು ಯಾರೆಂದು ಸಾಹೇಬ ಕೇಳಿದಾಗ, ‘ಭಾವ ಹೇಳಿದ, ನಾನು ತಿರುಗಿಸಿದೆ’ ಎಂದ. ಎಲ್ಲರೂ ಚಪ್ಪಾಳೆ ಹೊಡೆದರು. ಗಂಗಾಧರನಿಗೆ ಒಂದು ಸ್ಟೀಲಿನ ಥರ್ಮಾಸು ಕೊಟ್ಟರು. ಯೋಗಿತಾ ಈಗಲೂ ಅದರಲ್ಲಿ ಅವನಿಗೆ ಕಾಫಿ ತುಂಬಿಡುತ್ತಾಳೆ.

ಇದನ್ನು ಭೀಮರಾಜು ಯಾರಿಗೂ ಹೇಳಿರಲಿಲ್ಲ. ಅದೇ ತಡೆಯಲಾಗದ ವಿಷಯ. ಕುಡಿದಾಗಲಾದರೂ ಒಮ್ಮೆ ನಕ್ಕಿದ್ದರೆ, ಒಮ್ಮೆ ಕೆಣಕಿದ್ದರೆ, ಜಗಳವಾಡಿ ಮುಗಿಸಬಹುದಿತ್ತು. ಅಣಕ ಇದೆಯೇನೋ ಎಂದು ಗಂಗಾಧರ ಅವನ ಮುಖ ನೋಡುತ್ತಿದ್ದ. ಊಟದ ಸಾಲಿನಲ್ಲಿ, ಮಲಗುವ ಬಂಕಿನಲ್ಲಿ, ಮೊನ್ನೆ ಊರಿಗೆ ಬರುವಾಗ ರೈಲಿನಲ್ಲಿ ಎರಡು ದಿನ ಎದುರುಬದುರು ಕೂತು ನೋಡಿದ್ದ. ಭೀಮರಾಜು ಚಪಾತಿ ತಿಂದ, ನಿದ್ದೆ ಹೋದ, ಕಿಟಕಿಯಾಚೆ ಯಾವುದೋ ಸ್ಟೇಷನ್ನಿನಲ್ಲಿ ತೆಂಗಿನ ಮರ ಕಂಡಾಗ ‘ಭಾವ, ಶುರುವಾಯ್ತು ನೋಡು’ ಎಂದ. ಮುಖದಲ್ಲಿ ಏನೂ ಇರಲಿಲ್ಲ. ಹೊಸ ಲಾರಿಯಲ್ಲಿ ಅವರಿಬ್ಬರೇ ಒಂದು ರಿಗ್ಗಿನವರಾಗುತ್ತಾರೆ. ದಿನವೂ ಆ ಏನೂ ಇಲ್ಲದ ಮುಖ. ಬೋರಾ ಬಾವಿ ಉಕ್ಕಿದ ದಿನ ರಜೆಯಲ್ಲಿದ್ದ. ಬೋರಾನಿಗೆ ಚಪ್ಪಾಳೆಯ ಕತೆಯಷ್ಟೇ ಗೊತ್ತು.

ತೋಟದ ದಾರಿಯಲ್ಲಿ ಬೈಕು ನಿಲ್ಲಿಸಿದಾಗ ಜನ ಸೇರಿದ್ದರು. ಸುತ್ತಲಿನ ತೋಟಗಳಲ್ಲಿ ಯಾರ ಮೋಟರು ಕೆಟ್ಟರೂ ಬದುವಿನಾಚೆಯವರೆಲ್ಲ ಬಂದು ಹೆಗಲು ಕೊಡುವುದು ಇಲ್ಲಿಯ ಮುಯ್ಯಿ. ಎತ್ತುವ ಗಾಡಿ ಈ ಮರಗಳ ನಡುವೆ ಒಳಗೆ ಬರುವುದಿಲ್ಲ. ಬೋರ್‌ವೆಲ್ಲಿನ ಬಾಯಲ್ಲಿ ಒಂದು ಗಾಲಿ ಕೂರಿಸುತ್ತಾರೆ, ಕರಿ ಪ್ಲಾಸ್ಟಿಕ್ ಪೈಪಿನ ತುದಿಯನ್ನು ಗಾಲಿಯ ಮೇಲೆ ಹಾಯಿಸಿ ಹೆಗಲ ಮೇಲಿಟ್ಟುಕೊಂಡು ಮರಗಳ ಸಾಲಿನ ನಡುವೆ ನಡೆಯುತ್ತಾರೆ. ಒಬ್ಬನ ಹಿಂದೆ ಒಬ್ಬ ಹೆಗಲು ಕೊಡುತ್ತ ಹೋಗುತ್ತಾರೆ, ಬಾವಿಯ ಆಳದಷ್ಟೂ ಪೈಪು ತೋಟದ ಉದ್ದಕ್ಕೆ ಮಲಗಿಕೊಳ್ಳುತ್ತದೆ, ಕೊನೆಗೆ ಮೋಟರು ಬರುತ್ತದೆ. ಬಾಯಲ್ಲಿ ಕ್ಲಾಂಪು ಹಿಡಿದು ಒಬ್ಬ ನಿಲ್ಲುತ್ತಾನೆ. ಮುಂದಿನವರು ನಿಂತಾಗ ಅದರ ಎರಡು ಹಿಡಿಯನ್ನು ಒತ್ತಿದರೆ ಪೈಪು ಕಚ್ಚಿಕೊಳ್ಳುತ್ತದೆ, ಬಿಟ್ಟರೆ ಎಲ್ಲವೂ ಒಳಕ್ಕೆ.

‘ಬಂದ್ರಪ್ಪ ಎಣ್ಣೆ ಸಾವ್ಕಾರ್ರು’ ಎಂದ ಪಕ್ಕದ ತೋಟದ ಮುದುಕ ಸಣ್ಣತಿಮ್ಮಯ್ಯ, ಬೀಡಿಯನ್ನು ಕಿವಿಗೆ ಸಿಕ್ಕಿಸುತ್ತ. ‘ಅಲ್ಲ ಕಣಪ್ಪ, ಭೀಮ ಹೇಳ್ತಿದ್ದ, ನಿಮ್ಮಲ್ಲೂ ಈಗ ಗೋಪುರ ಗೀಪುರ ಏನೂ ಬ್ಯಾಡ್ವಂತೆ, ಹಗ್ಗ ಕಟ್ಟಿ ಎಳ್ದುಬುಡ್ತಾರಂತೆ?’

‘ಹಗ್ಗ ಅಲ್ಲ ತಾತ, ಕೇಬಲ್ಲು. ಲಾರಿ ಎಳೀತದೆ.’

‘ಅದೇ ಬುಡು. ಅಂಗಾದ್ರೆ ನಾವು ಮಾಡೋದೇ ತಾನೇ? ನಿಮಗೆ ಅದುಕ್ಕೆ ಸಂಬಳ ಕೊಟ್ಟು, ರೈಲು ಹತ್ತುಸಿ, ಟೋಪಿ ಬ್ಯಾರೆ ಹಾಕ್ತಾರೆ. ನಾವು ಮುದ್ದೆ ಹಾಕ್ಸಿಕೊಂಡು ಎಳೀತೀವಿ.’

ಎಲ್ಲರೂ ನಕ್ಕರು. ಭೀಮರಾಜುವೂ ನಕ್ಕ. ಅವನು ಬರಿ ಬನಿಯನ್ನಿನಲ್ಲಿ ಬಾವಿಯ ಬಾಯಿಯ ಹತ್ತಿರ ಕೂತು, ಪೈಪಿಗೆ ಕೇಬಲ್ಲನ್ನು ಸುತ್ತಿದ್ದ ಟೇಪನ್ನು ಚೂರಿಯಲ್ಲಿ ಕೊಯ್ಯುತ್ತಿದ್ದ. ಎದ್ದು ಬಂದು, ‘ಬಾ ಭಾವ. ಬಿಳಿ ಶರಟು ಹಾಕ್ಕೊಂಡು ಬಂದಿದ್ದೀಯ. ಹೆಗಲು ಕೊಡಬ್ಯಾಡ, ಕರಿಯಾಯ್ತದೆ. ಅಲ್ಲಿ ನೆಳ್ಳಾಗೆ ಕುಂತ್ಕೋ’ ಎಂದ. ಒಳ್ಳೆಯ ಮಾತೇ. ಆದರೆ ಕುಂತ್ಕೋ ಎಂಬುದು ಗಂಗಾಧರನ ಮೈಯೊಳಗೆ ಎಲ್ಲೋ ಹೋಗಿ ತಾಗಿತು. ಸಾಲಿನಲ್ಲಿ ಹೆಗಲು ಕೊಡುವುದೂ ಆಗಲಿಲ್ಲ, ನೆರಳಲ್ಲಿ ಕೂರುವುದೂ ಆಗಲಿಲ್ಲ. ಅವನು ನೇರ ಬಾವಿಯ ಬಾಯಿಗೆ ಹೋಗಿ ಕ್ಲಾಂಪು ಎತ್ತಿಕೊಂಡ. ‘ಇದು ನಾನು ಹಿಡೀತೀನಿ.’ ಅಲ್ಲಿಯವರೆಗೆ ಅದನ್ನು ಹಿಡಿಯಲು ನಿಂತಿದ್ದ ಮನುಷ್ಯ ಭೀಮರಾಜುವಿನ ಮುಖ ನೋಡಿದ. ಭೀಮರಾಜು, ‘ಕೊಡ್ಲಾ, ಭಾವಂದು ಅದೇ ಕೆಲ್ಸ’ ಎಂದ. ‘ಅದ್ರ ಬೋಲ್ಟು ಸವೆದೈತೆ ಭಾವ, ನಿಲ್ಲಲ್ಲ. ಒತ್ಕೊಂಡೇ ಇರ್ಬೇಕು.’

‘ಗೊತ್ತು’ ಎಂದ ಗಂಗಾಧರ. ಗೊತ್ತಿರಲಿಲ್ಲ.

ಎಳೆಯಲು ಶುರುವಾದ ಮೇಲೆ ಅವನಿಗೆ ಸ್ವಲ್ಪ ಹೊತ್ತು ಹಿತವೆನ್ನಿಸಿತು. ತಣ್ಣಗೆ ಒದ್ದೆಯಾದ ಪೈಪು ಕೈಗಳ ನಡುವೆ ಮೇಲೇರಿ ಗಾಲಿಯ ಮೇಲೆ ಬಾಗಿ ಹೋಗುತ್ತಿತ್ತು. ಅದಕ್ಕೆ ಕೆಮ್ಮಣ್ಣಿನ ಬಣ್ಣದ ಲೋಳೆ ಅಂಟಿತ್ತು. ಭೀಮರಾಜು ಒಂದು ಮಾರು ಬಂದಾಗಲೆಲ್ಲ ಟೇಪು ಕೊಯ್ದು ಕೇಬಲ್ಲನ್ನು ಬೇರೆ ಮಾಡಿ ಸುತ್ತಿಡುತ್ತಿದ್ದ. ಇಬ್ಬರ ತಲೆಗಳೂ ಹತ್ತಿರವಿದ್ದವು. ಅವನ ಬೆವರಿನ ವಾಸನೆ ರಿಗ್ಗಿನಲ್ಲಿದ್ದದ್ದೇ. ಈಗಲೇ ಹೇಳಿಬಿಡಬಹುದು ಎಂದುಕೊಂಡ. ಭೀಮಾ, ನಿನ್ನ ಹೆಸರು ಕೊಡ್ತಿದ್ದೀನಿ ಅನ್ನಬಹುದು. ಹೇಳಿದರೆ ಭೀಮರಾಜು ಸಂತೋಷಪಡುತ್ತಾನೆ, ಮೀನಾ ಅತ್ತೆಯ ಮುಂದೆ ತಲೆಯೆತ್ತಿ ಓಡಾಡುತ್ತಾಳೆ, ತಾನು ಒಳ್ಳೆಯವನಾಗುತ್ತೇನೆ. ಆದರೆ ಲಾರಿ, ಮರಳು, ಉರುಳೆ ತಿರುಗುವಾಗ ಪಕ್ಕದಲ್ಲಿ ಈ ತಲೆ. ಎಲ್ಲಾದರೂ ಸಣ್ಣಗೆ ಗ್ಯಾಸಿನ ವಾಸನೆ ಬಂದರೂ ಈ ತಲೆ ತನ್ನತ್ತ ತಿರುಗುತ್ತದೆ. ತನ್ನ ಕಾಲನ್ನು ನೋಡುತ್ತದೆ. ಅಥವಾ ನೋಡುವುದಿಲ್ಲ. ನೋಡದೆ ಇರುವುದನ್ನು ತಾನು ನೋಡಬೇಕಾಗುತ್ತದೆ.

ಮುಂದಿನಿಂದ ಕೂಗು ಬಂತು: ‘ನಿಲ್ಲೂ!’ ಸಾಲಿನ ತಲೆ ಪರಮಶಿವಯ್ಯನ ತೋಟದ ಬೇಲಿಗೆ ಮುಟ್ಟಿತ್ತು. ಪೈಪು ಆಚೆ ಹೋಗಲು ಬೇಲಿಯ ತಂತಿ ಬಿಚ್ಚಬೇಕು. ಗಂಗಾಧರ ಕ್ಲಾಂಪು ಒತ್ತಿದ. ಹೆಗಲುಗಳೆಲ್ಲ ಸಡಿಲಾದಾಗ ಒಳಗಿನ ಪೂರ್ತಿ ಭಾರ, ಮೋಟರು, ನೀರು ತುಂಬಿದ ಪೈಪು, ಒಂದೇ ಸಲ ಅವನ ಎರಡು ಅಂಗೈಗೆ ಬಂದು ಕೂತಿತು. ಕಾಲು ಅಗಲಿಸಿ ನಿಂತ. ಆಗ ಶರಟಿನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

‘ಎತ್ತಪ್ಪಾ, ಕಾಗೆ ಎಲ್ಲಾ ಹಾರೋದ್ವು’ ಎಂದು ಸಣ್ಣತಿಮ್ಮಯ್ಯ ಸಾಲಿನಿಂದಲೇ ಕೂಗಿದ.

‘ಇರ್ಲಿ ಬುಡು’ ಎಂದ ಗಂಗಾಧರ.

ಭೀಮರಾಜು ಆಗಲೇ ಬೆರಳನ್ನು ಬನಿಯನ್ನಿಗೆ ಒರೆಸಿಕೊಂಡು ಜೇಬಿಗೆ ಕೈ ಹಾಕಿದ್ದ. ಕೈ ಕೊಳೆಯಾಗಿದ್ದವನ ಫೋನನ್ನು ಪಕ್ಕದವನು ತೆಗೆದು ಕಿವಿಗೆ ಹಿಡಿಯುವುದು ಇಲ್ಲಿ ಯಾರಾದರೂ ಮಾಡುವ ಉಪಕಾರ. ರಿಗ್ಗಿನಲ್ಲೂ ಅವನು ಎಷ್ಟೋ ಸಲ ಹಿಡಿದಿದ್ದ. ‘ಸಾಹೇಬ್ರು’ ಎಂದ, ಪರದೆ ನೋಡಿ. ಬೆರಳು ಸವರಿ ಗಂಗಾಧರನ ಬಲಗಿವಿಗೆ ಇಟ್ಟ. ಟೇಪಿನ ಅಂಟಿನ ವಾಸನೆ. ಶೇಖಾವತ್‌ನ ಹಿಂದಿ ಪೂರ್ತಿ ಏರಿಸಿದ ಸದ್ದಿನಲ್ಲಿ ಇಬ್ಬರ ನಡುವೆ ಬಂದು ಬಿತ್ತು. ಗಂಗಾಧರ್, ಎಷ್ಟು ಸಲ ಮಾಡೋದು, ಪಟ್ಟಿ ಈಗ ಕಳಿಸ್ತಿದ್ದೀನಿ, ನಿನ್ನ ಎರಡನೆಯ ಹೆಸರು ಒಂದೇ ಬಾಕಿ, ಯಾರನ್ನ ಬರೀಲಿ?

ತೋಟದಲ್ಲಿ ಹಿಂದಿ ಗೊತ್ತಿದ್ದವರು ಇಬ್ಬರೇ. ಸಿಗ್ನಲ್ ಇಲ್ಲ ಎನ್ನಬಹುದಿತ್ತು. ಆಮೇಲೆ ಮಾಡ್ತೀನಿ ಎನ್ನಬಹುದಿತ್ತು. ಫೋನು ಹಿಡಿದ ಕೈ ಅಲುಗಲಿಲ್ಲ. ಭೀಮರಾಜು ಅವನ ಮುಖ ನೋಡುತ್ತಿರಲಿಲ್ಲ, ಕ್ಲಾಂಪನ್ನು ನೋಡುತ್ತಿದ್ದ. ಈಗ ಅವನ ಹೆಸರು ಹೇಳಿದರೆ ಅವನು ಎದುರಿಗಿದ್ದದ್ದಕ್ಕೆ ಹೇಳಿದ ಹಾಗಾಗುತ್ತದೆ, ಹೆದರಿ ಹೇಳಿದ ಹಾಗಾಗುತ್ತದೆ ಎಂದು ಗಂಗಾಧರನಿಗೆ ಅನ್ನಿಸಿತು. ಅಷ್ಟು ಅನ್ನಿಸುವುದರೊಳಗೆ ಬಾಯಿ ಹೇಳಿಬಿಟ್ಟಿತ್ತು: ‘ಬೋರಾ, ಸರ್.’

ಆ ಕಡೆಯಿಂದ ಸಾಹೇಬ ಕೇಳಿದ. ನಿನ್ನ ಭಾವಮೈದ? ಒಳ್ಳೆ ಕೆಲಸಗಾರ ಅವನು. ನಾನು ಅವನದೇ ಅಂದ್ಕೊಂಡಿದ್ದೆ.

‘ಅವನಿಗೆ ಊರಲ್ಲೇ ಇರಬೇಕಂತೆ ಸರ್’ ಎಂದ ಗಂಗಾಧರ ಹಿಂದಿಯಲ್ಲಿ. ‘ತೋಟ ಇದೆ. ಅವನೇ ಹೇಳಿದ.’

ಇದನ್ನು ಅವನು ಯೋಚಿಸಿರಲಿಲ್ಲ. ಬೆಳಿಗ್ಗೆಯಿಂದ ಲೆಕ್ಕ ಹಾಕಿದ್ದರಲ್ಲಿ ಎಲ್ಲೂ ಈ ಮಾತು ಇರಲಿಲ್ಲ. ಎಷ್ಟು ಸಲೀಸಾಗಿ ಬಂತೆಂದರೆ, ತನ್ನ ದನಿಯನ್ನು ತಾನೇ ನಂಬಿದ. ಸಾಹೇಬ ಸರಿ ಎಂದು ಫೋನಿಟ್ಟ. ಭೀಮರಾಜು ಇನ್ನೂ ಒಂದು ಗಳಿಗೆ ಫೋನನ್ನು ಅವನ ಕಿವಿಗೆ ಹಿಡಿದೇ ಇದ್ದ, ಮಾತು ಇನ್ನೂ ಇದೆಯೇನೋ ಎಂಬಂತೆ. ಆಮೇಲೆ ಪರದೆಯ ಮೇಲಿನ ಬೆವರನ್ನು ಬನಿಯನ್ನಿಗೆ ಒರೆಸಿ ಜೇಬಿಗೆ ಹಾಕಿ, ಗುಂಡಿ ಹಾಕಿದ.

‘ಯಾರ್ಲಾ ಅದು, ಅಷ್ಟು ಜೋರಾಗಿ?’ ಮುದುಕ ಕೇಳಿದ.

‘ಡ್ಯೂಟೀದು ತಾತ. ಭಾವನ ಕೆಲ್ಸ ಗಟ್ಟಿಯಾಯ್ತಂತೆ. ಹೊಸ ಲಾರಿಗೆ ಮೇಸ್ತ್ರಿ.’

‘ಅಂಗಾದ್ರೆ ಸಿಹಿ ಹಾಕ್ಸಪ್ಪಾ ಗಂಗಾಧರ! ಬರೀ ಮುದ್ದೇಲಿ ಮುಗ್ಸಬ್ಯಾಡ.’

ಬೇಲಿಯ ಕಡೆಯಿಂದ ಆಯ್ತು ಎಂಬ ಕೂಗು ಬಂತು. ಗಂಗಾಧರನ ಕೈ ಜೋಮು ಹಿಡಿದು ಹಿಡಿ ಯಾವುದು ಬೆರಳು ಯಾವುದು ತಿಳಿಯುತ್ತಿರಲಿಲ್ಲ. ಬಿಟ್ಟುಬಿಟ್ಟರೆ ಎಂದು ಒಮ್ಮೆ ಹೊಳೆಯಿತು. ಮೋಟರು ಪೈಪು ಎಲ್ಲ ಒಳಕ್ಕೆ ಹೋಗಿ, ಎಲ್ಲರೂ ಕಿರುಚಿ, ಇವತ್ತಿನ ದಿನಕ್ಕೆ ಬೇರೆ ಹೆಸರು ಬೀಳುತ್ತದೆ. ಭೀಮರಾಜುವಿನ ಕೈ ಬಂದು ಅವನ ಕೈಗಳ ಮೇಲೆ ಒತ್ತಿ ಕೂತಿತು. ‘ನಡೀರೋ!’ ಎಂದು ಭೀಮರಾಜು ಸಾಲಿಗೆ ಕೂಗಿದ. ಭಾರ ಹೆಗಲುಗಳಿಗೆ ಹೋದ ಮೇಲೆ ಕೈ ತೆಗೆದು ಮತ್ತೆ ಟೇಪು ಕೊಯ್ಯತೊಡಗಿದ.

ಮೋಟರು ಬಂದಾಗ ಸುಟ್ಟ ವಾರ್ನಿಷಿನ ವಾಸನೆ ಬಂತು. ಹೊಸದನ್ನು ಜೋಡಿಸಿ ಇಳಿಸುವಾಗಲೂ ಗಂಗಾಧರನೇ ಕ್ಲಾಂಪು ಹಿಡಿದ. ಬೇಡವೆಂದು ಯಾರೂ ಹೇಳಲಿಲ್ಲ. ನೀರು ಮೊದಲು ಕೆಂಪಗೆ, ಆಮೇಲೆ ಬಿಳಿಯಾಗಿ ಬಂತು. ತೊಟ್ಟಿಯ ಹತ್ತಿರ ಇಬ್ಬರೇ ಕೈ ತೊಳೆಯುವಾಗ ಅವನು, ‘ಭೀಮಾ, ಅದು ಏನಾಯ್ತು ಅಂದ್ರೆ’ ಎಂದು ಶುರುಮಾಡಿದ.

‘ಸೋಪು ಅಲ್ಲೈತೆ ಭಾವ, ಕಲ್ಲಿನ ಮ್ಯಾಲೆ’ ಎಂದ ಭೀಮರಾಜು.

ಮನೆಯ ಪಡಸಾಲೆಯಲ್ಲಿ ಸಾಲಾಗಿ ತಟ್ಟೆ ಹಾಕಿದ್ದರು. ಹೆಗಲು ಕೊಟ್ಟವರೆಲ್ಲ ಉಂಡು ಎದ್ದುಹೋದ ಮೇಲೆ ಮನೆಯವರು ಕೂತರು. ಭೈರಮ್ಮ ಗೋಡೆಗೊರಗಿ ಎಲೆಯಡಿಕೆ ಹಾಕುತ್ತ, ‘ನಿನ್ನ ಕೆಲ್ಸ ಗಟ್ಟಿಯಾಯ್ತಂತಲ್ಲಪ್ಪ, ತಿಮ್ಮಯ್ಯ ಹೇಳ್ದ. ನಮ್ಮುಡುಗಂದು?’ ಎಂದಳು. ಮೀನಾ ಸಾರಿನ ಸೌಟು ಹಿಡಿದು ಅಲ್ಲೇ ನಿಂತಳು. ಗಂಗಾಧರ ಮುದ್ದೆ ಮುರಿದು ಸಾರಿಗೆ ಅದ್ದಿದ, ಮತ್ತೆ ಅದ್ದಿದ. ಈಗ ಭೀಮರಾಜು ಹೇಳುತ್ತಾನೆ, ಎಲ್ಲವನ್ನೂ ಹೇಳುತ್ತಾನೆ, ತೊಟ್ಟಿಯ ಹಿಂದೆ ಕೂತಿದ್ದರಿಂದ ಹಿಡಿದು. ಹೇಳಲಿ. ಗಂಗಾಧರನ ಎದೆಯೊಳಗೆ ಏನೋ ಸಡಿಲಾಗತೊಡಗಿತು. ಹೆಚ್ಚುಕಡಿಮೆ ಆಸೆಯಿಂದ ಕಾಯ್ದ.

‘ನಾನು ಬ್ಯಾಡ ಅಂದೆ ಕಣವ್ವ’ ಎಂದ ಭೀಮರಾಜು, ತಟ್ಟೆಯಿಂದ ತಲೆಯೆತ್ತದೆ. ‘ಸಾಕಾಗೈತೆ ಆ ಮರಳು. ನಂಗೆ ಊರೇ ಸಾಕು ಅಂತ ಭಾವನ ಕೈಲೇ ಹೇಳಿಸ್ದೆ.’

‘ಯಾರನ್ನ ಕೇಳಿ ಬ್ಯಾಡ ಅಂದ್ರಿ?’ ಮೀನಾಳ ದನಿ ಒಡೆಯಿತು. ‘ನನ್ನ ಒಂದು ಮಾತು ಕೇಳಿದ್ರಾ? ಇಲ್ಲಿ ಕುಂತು ಏನು ಮಾಡ್ತೀರ, ಎಣ್ಸಿ ಕೊಟ್ಟ ಕಾಯಿ ಮಾರ್ಕೊಂಡು ಬರ್ತೀರಾ?’ ಭೈರಮ್ಮ ಎಲೆಗೆ ಸುಣ್ಣ ಸವರುತ್ತಿದ್ದ ಬೆರಳನ್ನು ನಿಲ್ಲಿಸಿದಳು. ಮೀನಾ ಅತ್ತ ನೋಡದೆ ಅಣ್ಣನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ಆದರೆ ಆ ಕಣ್ಣಿನಲ್ಲಿ ಇನ್ನೂ ಒಂದು ಭರವಸೆ ಇತ್ತು. ‘ಅಣ್ಣ, ಅವರಿಗಂತೂ ಬುದ್ಧಿಯಿಲ್ಲ. ನೀನಾದ್ರೂ ಹೇಳಬಾರದಾಗಿತ್ತಾ?’

ಹೊರಗೆ ಹೊಸ ಮೋಟರಿನ ನೀರು ತೊಟ್ಟಿಗೆ ಬೀಳುತ್ತಿತ್ತು. ಭೀಮರಾಜು ತಲೆಯೆತ್ತಿ ಗಂಗಾಧರನನ್ನು ನೋಡಿದ. ಆ ಮುಖದಲ್ಲಿ ಈಗ ಏನೋ ಇತ್ತು. ಕೋಪವಲ್ಲ, ಅಣಕವಲ್ಲ. ಬರೀ ಕುತೂಹಲ. ಮುಂದೇನು ಮಾಡುತ್ತದೆ ನೋಡೋಣ ಎಂದು ಒಂದು ಪ್ರಾಣಿಯನ್ನು ನೋಡುವ ಹಾಗೆ.

‘ಹೇಳ್ದೆ ಕಣಮ್ಮ’ ಎಂದ ಗಂಗಾಧರ. ‘ಎಷ್ಟೋ ಹೇಳ್ದೆ. ಕೇಳಬೇಕಲ್ಲ ಅವನು.’

‘ಭಾವಂಗೆ ಇನ್ನೊಂದು ಮುದ್ದೆ ಇಕ್ಕು’ ಎಂದು ಭೀಮರಾಜು ಹೆಂಡತಿಗೆ ಹೇಳಿ, ತನ್ನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದ. ಮೀನಾ ಮೂಗು ಒರೆಸಿಕೊಂಡು ಬಂದು ಬಗ್ಗಿದಳು. ಗಂಗಾಧರನಿಗೆ ಹೊಟ್ಟೆ ತುಂಬಿತ್ತು. ಆದರೂ ಬೇಡವೆನ್ನದೆ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದ.